ಮೇವಿನ ಲೆಕ್ಕದಲ್ಲಿ ಕಲಿತ 1914

ಎಂಬತ್ತರ ದಶಕದಲ್ಲಿ ನಾವು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದಾಗ ಕೊನೆಯ ವರ್ಷದ ಆಧುನಿಕ ಯುರೋಪಿನ ಇತಿಹಾಸದಲ್ಲಿ ಮೊದಲ ಮಹಾಯುದ್ಧಕ್ಕೆ ಮೀಸಲಾಗಿದ್ದದ್ದು ಒಂದೇ ಅಧ್ಯಾಯ. ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಭಾಗ ಮಾಡಿ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತಿತ್ತು. ನಡುವಿನ ‘ಘಟನೆಗಳು’ ಎಂಬ ಭಾಗವನ್ನು ಎಲ್ಲ ಗೈಡುಗಳೂ ಅರ್ಧ ಪುಟದಲ್ಲಿ ಮುಗಿಸುತ್ತಿದ್ದವು. ನಮ್ಮ ಇತಿಹಾಸದ ಮಾಸ್ತರರು ಆ ಅರ್ಧ ಪುಟವನ್ನೇ ಹಿಡಿದುಕೊಂಡು, ಅದರಲ್ಲೂ 1914ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳನ್ನಷ್ಟೇ ಆರಿಸಿಕೊಂಡು, ವಾರಗಟ್ಟಲೆ ಪಾಠ ಮಾಡಿದರು. “ಯುದ್ಧ ಯಾಕ ಆತು ಅನ್ನೋದನ್ನ ನೀವು ಓದ್ಕೋರಿ, ಹೆಂಗ ನಡೀತು ಅನ್ನೋದನ್ನ ನಾ ಹೇಳ್ತೀನಿ” ಎಂದದ್ದು ಅವರ ಪೀಠಿಕೆ. ಕಾಲೇಜಿನ ಈ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಗ್ಯಾದರಿಂಗು, ಹಾಸ್ಟೆಲು, ಚುನಾವಣೆಗಳೆಲ್ಲ ನೆನಪಿಗೆ ಬಂದವಾದರೂ, ಬರೆಯುವಷ್ಟು ಗಟ್ಟಿಯಾಗಿ ಉಳಿದಿರುವುದು ಆ ಪಾಠವೊಂದೇ.

ಅವರು ಕಪ್ಪು ಹಲಗೆಯ ಮೇಲೆ ಮೊದಲು ಬರೆಯುತ್ತಿದ್ದದ್ದು ರಾಜರ ಹೆಸರುಗಳನ್ನಲ್ಲ, ನದಿಗಳನ್ನು ಮತ್ತು ರೈಲು ಮಾರ್ಗಗಳನ್ನು. ರೈನ್, ಮ್ಯೂಸ್, ಸಾಂಬ್ರ್, ಎನ್, ಮಾರ್ನ್ ಎಂದು ಐದು ಗೆರೆಗಳನ್ನು ನೀಲಿ ಸುಣ್ಣದ ಕಡ್ಡಿಯಲ್ಲಿ ಎಳೆದು, ಅವುಗಳನ್ನು ಅಡ್ಡಹಾಯುವ ರೈಲು ದಾರಿಗಳನ್ನು ಬಿಳಿಯಲ್ಲಿ ಬಿಡಿಸಿದ ಮೇಲೆ, ಜರ್ಮನಿಯ ಯೋಜನೆಯನ್ನು ವಿವರಿಸಲು ತೊಡಗುತ್ತಿದ್ದರು. ರಷ್ಯಾದ ಸೇನೆ ಒಟ್ಟುಗೂಡಿ ಗಡಿಗೆ ಬರಲು ಸುಮಾರು ಆರು ವಾರಗಳು ಬೇಕು, ಅಷ್ಟರೊಳಗೆ ಫ್ರಾನ್ಸನ್ನು ಮುಗಿಸಿ ಪಡೆಗಳನ್ನು ಪೂರ್ವಕ್ಕೆ ತಿರುಗಿಸಬೇಕು ಎಂಬುದು ಜರ್ಮನಿಯ ಹಿಂದಿನ ಸೇನಾ ಸಿಬ್ಬಂದಿ ಮುಖ್ಯಸ್ಥ ಷ್ಲೀಫೆನ್ನನ ಎಣಿಕೆ. ಫ್ರಾನ್ಸಿನ ಗಡಿಯ ಕೋಟೆಗಳನ್ನು ಎದುರಿಸದೆ, ಬೆಲ್ಜಿಯಂ ಮೂಲಕ ಬಲಗೈ ಚಾಚಿ ಶತ್ರುವಿನ ಬೆನ್ನಿಗೆ ಹೋಗುವುದು ಅದಕ್ಕೆ ಉಪಾಯ. ಷ್ಲೀಫೆನ್ 1913ರ ಜನವರಿಯಲ್ಲಿ ತೀರಿಕೊಂಡಿದ್ದ. ಯೋಜನೆಯನ್ನು ನಡೆಸಬೇಕಾಗಿ ಬಂದವನು ಅವನ ಉತ್ತರಾಧಿಕಾರಿ ಕಿರಿಯ ಮೋಲ್ಟ್ಕೆ. ಹಾಲೆಂಡಿನ ನೆಲವನ್ನು ತುಳಿಯುವುದು ಬೇಡವೆಂದು ಅವನು ತೀರ್ಮಾನಿಸಿದ್ದರಿಂದ, ಎರಡು ದೊಡ್ಡ ಸೇನೆಗಳು, ಅಂದರೆ ಸುಮಾರು ಆರು ಲಕ್ಷ ಜನ, ಆಖೆನ್ ಮತ್ತು ಲಿಯೇಜ್ ನಗರಗಳ ನಡುವಿನ ಇಕ್ಕಟ್ಟಿನಲ್ಲಿ ಸಾಲುಗಟ್ಟಿ ದಾಟಬೇಕಾಯಿತು.

ಲಿಯೇಜ್ ಎಂದರೆ ಮಾಸ್ತರರಿಗೆ ವಿಶೇಷ ಪ್ರೀತಿ. ಮ್ಯೂಸ್ ನದಿಯ ದಂಡೆಯ ಆ ನಗರದ ಸುತ್ತ ಬ್ರಿಯಾಲ್ಮೋಂ ಎಂಬ ಎಂಜಿನಿಯರ್ ಕಟ್ಟಿಸಿದ್ದ 12 ಕೋಟೆಗಳಿದ್ದವು. ಹೊರಗೆ ಕಾಣುವುದು ದಿಬ್ಬ ಮತ್ತು ಉಕ್ಕಿನ ಗುಮ್ಮಟಗಳಷ್ಟೇ, ಉಳಿದದ್ದೆಲ್ಲ ನೆಲದೊಳಗೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನಿಂದ ಕಟ್ಟಿದ ಅವು ತಮ್ಮ ಕಾಲದ 210 ಮಿಲಿಮೀಟರ್ ಗುಂಡುಗಳನ್ನು ತಡೆಯುವಷ್ಟು ಗಟ್ಟಿಯಾಗಿದ್ದವು. 1914ರ ಆಗಸ್ಟ್ 4ರಂದು ಜರ್ಮನ್ನರು ಗಡಿ ದಾಟಿದರು. ಮೊದಲ ಕೆಲವು ರಾತ್ರಿಗಳ ಕಾಲಾಳು ದಾಳಿಗಳಲ್ಲಿ ಹೆಣಗಳು ಬಿದ್ದವೇ ಹೊರತು ಕೋಟೆಗಳು ಬೀಳಲಿಲ್ಲ. 7ರಂದು ಜರ್ಮನ್ ಸೇನಾನಿ ಲೂಡೆನ್‌ಡಾರ್ಫ್ ಕೋಟೆಗಳ ನಡುವಿನಿಂದ ನುಸುಳಿ ಊರೊಳಗಿನ ಹಳೆಯ ದುರ್ಗವನ್ನು ವಶಪಡಿಸಿಕೊಂಡು ಹೆಸರು ಗಳಿಸಿದನಾದರೂ ಸುತ್ತಲಿನ ಕೋಟೆಗಳು ಗುಂಡು ಹಾರಿಸುತ್ತಲೇ ಇದ್ದವು. ಆಮೇಲೆ ಕ್ರುಪ್ ಕಾರ್ಖಾನೆಯ 420 ಮಿಲಿಮೀಟರ್ ಹೊವಿಟ್ಸರ್ ತೋಪುಗಳು ಬಂದವು. ಅವುಗಳ ಒಂದೊಂದು ಗುಂಡಿನ ತೂಕ ಸುಮಾರು 800 ಕಿಲೋ. ಆಗಸ್ಟ್ 15ರಂದು ಅಂಥದೊಂದು ಗುಂಡು ಲೋನ್ಸೆನ್ ಕೋಟೆಯ ಮದ್ದಿನ ಮನೆಗೆ ತಗುಲಿ ಕೋಟೆ ಒಳಗಿನಿಂದಲೇ ಒಡೆದು ಎದ್ದಿತು. ಒಳಗಿದ್ದ ಕಾವಲು ಪಡೆಯ ಬಹುಭಾಗ ಅಲ್ಲಿಯೇ ಹೂತುಹೋಯಿತು. ಅವಶೇಷಗಳ ನಡುವೆ ಪ್ರಜ್ಞೆ ತಪ್ಪಿ ಬಿದ್ದಿದ್ದ ಸೇನಾಪತಿ ಲೆಮಾನನನ್ನು ಜರ್ಮನ್ನರೇ ಹೊರಗೆಳೆದರು. ತಾನು ಶರಣಾಗಲಿಲ್ಲ, ಪ್ರಜ್ಞೆ ಇಲ್ಲದಿದ್ದಾಗ ಸೆರೆಸಿಕ್ಕೆ ಎಂಬುದು ದಾಖಲಾಗಬೇಕೆಂದು ಅವನು ಹಟ ಹಿಡಿದ ಪ್ರಸಂಗವನ್ನು ಹೇಳುವಾಗ ಮಾಸ್ತರರು ತುಸು ನಿಧಾನಿಸುತ್ತಿದ್ದರು. ಮರುದಿನವೇ ಉಳಿದ ಕೋಟೆಗಳೂ ಬಿದ್ದವು. ಆದರೆ ಬೆಲ್ಜಿಯನ್ನರು ಹಿಂದೆ ಸರಿಯುತ್ತ ಸೇತುವೆಗಳನ್ನೂ ರೈಲು ಸುರಂಗಗಳನ್ನೂ ಸಿಡಿಸಿಹೋದರಲ್ಲ, ಜರ್ಮನಿಯ ಮುಂದಿನ ಕಷ್ಟಗಳಿಗೆ ಅದು ಕೋಟೆಗಳಿಗಿಂತ ದೊಡ್ಡ ಕಾರಣ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಇಲ್ಲಿಂದ ಮುಂದೆ ಅವರ ಪಾಠ ಅಪ್ಪಟ ಲೆಕ್ಕದ ಪಾಠವಾಗುತ್ತಿತ್ತು. ಬಲಪಾರ್ಶ್ವದ ತುದಿಯಲ್ಲಿದ್ದ ಫಾನ್ ಕ್ಲುಕ್‌ನ ಮೊದಲನೆಯ ಸೇನೆಯಲ್ಲಿ ಸುಮಾರು 3,20,000 ಜನ ಮತ್ತು 84,000 ಕುದುರೆಗಳು. ಆ ಕುದುರೆಗಳಿಗೆ ದಿನವೊಂದಕ್ಕೆ ಬೇಕಾದ ಮೇವು ಸುಮಾರು ಒಂಬತ್ತು ಲಕ್ಷ ಕಿಲೋ. ಜರ್ಮನಿಯೊಳಗೆ ಇದು ಕಷ್ಟವೇ ಅಲ್ಲ. ಆಗಸ್ಟ್ ಮೊದಲೆರಡು ವಾರಗಳಲ್ಲಿ ಕಲೋನಿನ ಸೇತುವೆಯ ಮೇಲೆ ಸುಮಾರು ಹತ್ತು ನಿಮಿಷಕ್ಕೊಂದರಂತೆ ಸೈನ್ಯದ ರೈಲು ಹಾಯುತ್ತಿತ್ತು. ಬೆಲ್ಜಿಯಂ ದಾಟಿದ ಮೇಲೆ ಸೇನೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆಯತೊಡಗಿತು, ರೈಲು ಹಿಂದೆ ಉಳಿಯಿತು. ಮುರಿದ ಹಳಿ ಜೋಡಿಸುವವರು ಎಷ್ಟೇ ದುಡಿದರೂ ಸೇನೆ ಮಾರ್ನ್ ನದಿಯ ಹತ್ತಿರ ಬರುವ ಹೊತ್ತಿಗೆ ಅದರ ರೈಲು ತುದಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಹಿಂದಿತ್ತು. ನಡುವಿನ ದೂರಕ್ಕೆ ಲಾರಿಗಳು, ಕುದುರೆ ಬಂಡಿಗಳು. ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟು ನಿಂತಿದ್ದವು, ಬಂಡಿಯ ಕುದುರೆಯಂತೂ ತಾನು ಎಳೆದು ತಂದ ಮೇವನ್ನು ದಾರಿಯುದ್ದಕ್ಕೂ ತಾನೇ ತಿನ್ನಬೇಕು.

“ನೀವು ಕ್ಲುಕ್ ಸಾಹೇಬನ ಮೇವಿನ ಅಧಿಕಾರಿ ಇದ್ದೀರಿ. ಇವತ್ತ ಆಗಸ್ಟ್ 30. ಏನ್ ಹುಕುಂ ಮಾಡ್ತೀರಿ, ಬರೀರಿ” ಎಂದು ಅವರು ಒಂದು ಕಿರುಪರೀಕ್ಷೆ ಕೊಟ್ಟಿದ್ದರು. ವಿಶ್ವವಿದ್ಯಾಲಯದ ಯಾವ ಪ್ರಶ್ನೆಪತ್ರಿಕೆಯಲ್ಲೂ ಇಂಥ ಪ್ರಶ್ನೆ ಬರುವುದಿಲ್ಲವೆಂದು ಕೆಲವರು ಗೊಣಗಿದರು, ಅದು ನಿಜವೂ ಆಗಿತ್ತು. ಒಕ್ಕಲುತನದ ಮನೆಗಳಿಂದ ಬಂದ ಹುಡುಗರು ಮಾತ್ರ ಈ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಬರೆದರು: ಹೊಲದಲ್ಲಿ ನಿಂತಿರುವ ಪೈರನ್ನೇ ಕೊಯ್ದು ಹಾಕಬೇಕು, ಆದರೆ ಹಸಿ ಕಾಳು ತಿಂದರೆ ದನಕ್ಕೆ ಹೊಟ್ಟೆ ಉಬ್ಬರಿಸುತ್ತದೆ ಎಂದು ನವಲಗುಂದದ ಕಡೆಯ ಒಬ್ಬ ಬರೆದಿದ್ದ. ಮಾಸ್ತರರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ನಿಜವಾಗಿ ನಡೆದದ್ದೂ ಅದೇ; ಹಸಿ ಪೈರು ತಿಂದು ರೋಗ ಬಿದ್ದ ಕುದುರೆಗಳು ದಾರಿಯುದ್ದಕ್ಕೂ ಉರುಳಿದವು, ಕುದುರೆ ಸೊರಗಿದ ಕಡೆ ಅಶ್ವದಳಕ್ಕೆ ಶತ್ರುವಿನ ಸುಳಿವು ತರಲು ಆಗಲಿಲ್ಲ, ಭಾರಿ ತೋಪುಗಳು ಹಿಂದೆ ಬಿದ್ದವು.

ಇನ್ನೊಂದು ಬದಿಯಲ್ಲಿ ಫ್ರೆಂಚರು ಮೊದಲ ಮೂರು ವಾರ ಸೋತದ್ದೇ ಸೋತದ್ದು. ಕೆಂಪು ಷರಾಯಿ ತೊಟ್ಟ ಕಾಲಾಳುಗಳನ್ನು ಲೊರೇನ್ ಮತ್ತು ಆರ್ಡೆನ್ ಪ್ರದೇಶಗಳಲ್ಲಿ ಮೆಷಿನ್‌ಗನ್ನುಗಳ ಎದುರಿಗೆ ನೂಕಿದ ಆ ದಾಳಿಗಳಲ್ಲಿ ಆಗಸ್ಟ್ 22ರ ಒಂದೇ ದಿನ ಸುಮಾರು 27,000 ಫ್ರೆಂಚ್ ಸೈನಿಕರು ಸತ್ತರು. ಮರುದಿನ ಮೋನ್ಸ್‌ನಲ್ಲಿ ಬ್ರಿಟಿಷರು, 26ರಂದು ಲ ಕಾತೋದಲ್ಲಿ ಮತ್ತೆ ಬ್ರಿಟಿಷರು ಕಾದಾಡುತ್ತಲೇ ಹಿಂದೆ ಸರಿದರು. ಆದರೆ ಹಿಂದೆ ಸರಿಯುವವನು ತನ್ನ ರೈಲಿನ ಹತ್ತಿರಕ್ಕೆ ಸರಿಯುತ್ತಾನೆ. ಜರ್ಮನ್ ಸೈನಿಕ ಬೂಟು ಸವೆಸಿ ನಡೆದು ಬಂದ ಅಷ್ಟೇ ದಿನಗಳಲ್ಲಿ, ಸೇನಾಧಿಪತಿ ಜೋಫ್ರ್ ಪೂರ್ವದ ಗಡಿಯಿಂದ ಇಡೀ ಸೇನಾ ವಿಭಾಗಗಳನ್ನು ರೈಲಿಗೆ ಹತ್ತಿಸಿ ಪ್ಯಾರಿಸ್ಸಿನ ಕಡೆಗೆ ತಂದು, ಕ್ಲುಕ್‌ನ ಪಕ್ಕೆಗೆ ಎದುರಾಗಿ ಮೋನೂರಿಯ ಹೊಸ ಆರನೆಯ ಸೇನೆಯನ್ನು ನಿಲ್ಲಿಸಿದ. ಪ್ಯಾರಿಸ್ಸಿನ ಟ್ಯಾಕ್ಸಿಗಳ ಕಥೆ ಎಲ್ಲರಿಗೂ ಗೊತ್ತು. ಸುಮಾರು 600 ಟ್ಯಾಕ್ಸಿಗಳು ರಾತ್ರಿಯೆಲ್ಲ ಓಡಿ ಕೆಲವು ಸಾವಿರ ಸೈನಿಕರನ್ನು ರಣರಂಗಕ್ಕೆ ಮುಟ್ಟಿಸಿದ್ದು ನಿಜ. ಮಾಸ್ತರರಿಗೆ ಈ ಕಥೆಯೆಂದರೆ ಅಷ್ಟಕ್ಕಷ್ಟೇ; ರೈಲು ತಂದ ಲಕ್ಷದ ಲೆಕ್ಕದ ಜನರನ್ನು ಬಿಟ್ಟು ಟ್ಯಾಕ್ಸಿ ತಂದ ಸಾವಿರದ ಲೆಕ್ಕದವರ ಮೇಲೆ ಹಾಡು ಕಟ್ಟುತ್ತಾರೆ ಎಂದು ಅವರು ಸಿಡಿಮಿಡಿಗೊಳ್ಳುತ್ತಿದ್ದರು.

ಪೂರ್ವ ರಂಗವನ್ನು ಕಲಿಸಲು ಅವರಿಗೆ ಮೀರಜ್ ಜಂಕ್ಷನ್ ನೆರವಿಗೆ ಬರುತ್ತಿತ್ತು. ಆಗ ನಮ್ಮ ಕಡೆಗೆಲ್ಲ ಮೀಟರ್‌ಗೇಜ್. ಮುಂಬಯಿಗೆ ಹೋಗುವವರು ಮೀರಜಿನಲ್ಲಿ ಇಳಿದು, ಟ್ರಂಕು ಹಾಸಿಗೆಗಳನ್ನು ಹಮಾಲರ ತಲೆಗೇರಿಸಿ ಬ್ರಾಡ್‌ಗೇಜ್ ಗಾಡಿಗೆ ಓಡಬೇಕಿತ್ತು. ರಷ್ಯಾದ ಹಳಿಯ ಅಗಲ 1,524 ಮಿಲಿಮೀಟರ್, ಜರ್ಮನಿಯದು 1,435. ಪೂರ್ವ ಪ್ರಶ್ಯದ ಗಡಿಯೆಂದರೆ ಒಂದು ಸೇನೆಗೆ ಸೇನೆಯೇ ಇಳಿಯಬೇಕಾದ ಮೀರಜ್ ಎಂದು ಅವರು ಹೇಳಿದರೆ ನಮಗೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ. ಎಣಿಸಿದ್ದಕ್ಕಿಂತ ಬೇಗ ಹೊರಟ ರಷ್ಯನ್ನರು ಗಡಿ ದಾಟಿದ ಮೇಲೆ ಕಾಲ್ನಡಿಗೆಯಲ್ಲಿ, ಹಸಿದುಕೊಂಡು, ಮಸೂರಿಯಾದ ಕೆರೆಗಳ ಎರಡು ಪಕ್ಕಗಳಲ್ಲಿ ಬೇರೆ ಬೇರೆಯಾಗಿ ಬಂದರು: ಉತ್ತರದಲ್ಲಿ ರೆನ್ನೆನ್‌ಕಾಂಫ್, ದಕ್ಷಿಣದಲ್ಲಿ ಸಾಮ್ಸೊನೋವ್. ಆಗಸ್ಟ್ 20ರಂದು ಗುಂಬಿನ್ನೆನ್‌ನಲ್ಲಿ ಪೆಟ್ಟು ತಿಂದ ಜರ್ಮನ್ ಸೇನಾನಿ ಪ್ರಿಟ್ವಿಟ್ಸ್ ಎದೆಗುಂದಿದ. ಅವನ ಜಾಗಕ್ಕೆ ಹಿಂಡೆನ್‌ಬುರ್ಗ್ ಮತ್ತು ಲೂಡೆನ್‌ಡಾರ್ಫ್ ಬಂದರು. ಅವರು ಬಂದು ಮುಟ್ಟುವ ಮೊದಲೇ, ಪಡೆಗಳನ್ನು ಉತ್ತರದಿಂದ ದಕ್ಷಿಣಕ್ಕೆ ಸರಿಸುವ ಏರ್ಪಾಟನ್ನು ಹಾಫ್‌ಮನ್ ಎಂಬ ಅಧಿಕಾರಿ ಆರಂಭಿಸಿಬಿಟ್ಟಿದ್ದ. ರಷ್ಯನ್ನರು ನಿಸ್ತಂತುವಿನಲ್ಲಿ ಸಂಕೇತವಿಲ್ಲದೆ ಕಳಿಸಿದ ಹುಕುಂಗಳು ಜರ್ಮನ್ನರ ಕಿವಿಗೆ ನೇರವಾಗಿ ಬೀಳುತ್ತಿದ್ದವು. ಫ್ರಾನ್ಸ್‌ವಾ ಎಂಬ ಸೇನಾನಿಯ ಪಡೆ ರೈಲಿನಲ್ಲಿ ಸುತ್ತಿಬಳಸಿ ಬಂದು ಸಾಮ್ಸೊನೋವ್‌ನ ಎಡಪಕ್ಕೆಗೆ ಇಳಿಯಿತು. ತಿಂಗಳ ಕೊನೆಗೆ ಟಾನೆನ್‌ಬರ್ಗ್‌ನಲ್ಲಿ ಸುಮಾರು 92,000 ರಷ್ಯನ್ನರು ಸೆರೆಸಿಕ್ಕರು, ಸಾಮ್ಸೊನೋವ್ ಕಾಡಿನೊಳಗೆ ಗುಂಡು ಹಾರಿಸಿಕೊಂಡು ಸತ್ತ. ಇತ್ತ ಮೋಲ್ಟ್ಕೆ ಗಾಬರಿಯಲ್ಲಿ ಪಶ್ಚಿಮ ರಂಗದಿಂದ ತೆಗೆದು ಕಳಿಸಿದ ಎರಡು ಕೋರ್‌ಗಳು, ಅಂದರೆ ಹಲವು ವಿಭಾಗಗಳು ಸೇರಿದ ದೊಡ್ಡ ಪಡೆಗಳು, ಆ ಕಾಳಗ ಮುಗಿದ ಮೇಲೆ ಬಂದು ತಲುಪಿದವು. ಪಶ್ಚಿಮದಲ್ಲಿ ಸೆಪ್ಟೆಂಬರಿನಲ್ಲಿ ನಡೆದ ಮಾರ್ನ್ ಕಾಳಗಕ್ಕೂ ಇಲ್ಲ, ಟಾನೆನ್‌ಬರ್ಗ್‌ಗೂ ಇಲ್ಲ.

ಪಠ್ಯಕ್ಕೆ ಸೇರದ ಒಂದು ಪ್ರಸಂಗವನ್ನೂ ಅವರು ಹೇಳುತ್ತಿದ್ದರು. ಅದೇ ವರ್ಷದ ನವೆಂಬರ್ ಮೊದಲ ವಾರ ಜರ್ಮನ್ ಪೂರ್ವ ಆಫ್ರಿಕಾದ ಟಾಂಗಾ ಬಂದರಿನಲ್ಲಿ ಭಾರತದಿಂದ ಹೋದ ಸುಮಾರು 8,000 ಜನರ ಪಡೆಯೊಂದು ಇಳಿಯಿತು. ಅದರಲ್ಲಿದ್ದ 27ನೆಯ ಬ್ರಿಗೇಡಿನ ಹೆಸರು ಬೆಂಗಳೂರು ಬ್ರಿಗೇಡ್. ಎದುರಿಗಿದ್ದ ಲೆಟ್ಟೋ-ಫೋರ್‌ಬೆಕ್‌ನ ಬಳಿ ಇದ್ದವರು ಸುಮಾರು ಸಾವಿರ ಜನ ಮಾತ್ರ. ಬ್ರಿಟಿಷರು ಇಳಿಯಲು ತಡ ಮಾಡಿದಷ್ಟು ಹೊತ್ತೂ ಅವನು ಮೋಶಿಯ ಕಡೆಯಿಂದ ಸಣ್ಣ ರೈಲಿನಲ್ಲಿ ತನ್ನವರನ್ನು ಕಂತು ಕಂತಾಗಿ ಇಳಿಸಿಕೊಂಡ, ದಂಡೆತ್ತಿ ಬಂದವರು ಸೋತು ಹಡಗು ಹತ್ತಿದರು. ಗುಂಡಿನ ಸದ್ದಿಗೆ ಎದ್ದ ಜೇನುಹುಳುಗಳು ಕಚ್ಚಿದ್ದನ್ನೇ ಎಲ್ಲರೂ ಹೇಳುತ್ತಾರೆ, ರೈಲನ್ನು ಯಾರೂ ಹೇಳುವುದಿಲ್ಲ ಎಂಬುದು ಅಲ್ಲಿಯೂ ಅವರ ತಕರಾರು.

ಪದವಿಯ ನಂತರ ನಾನು ರೈಲ್ವೆ ಸೇರಿ, ಮುಂದೆ ಹುಬ್ಬಳ್ಳಿಯ ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ ಹಲವು ವರ್ಷ ಕೆಲಸ ಮಾಡಿದೆ. ಯಾವ ಗಾಡಿಯನ್ನು ಯಾವ ಲೂಪಿನಲ್ಲಿ ನಿಲ್ಲಿಸಬೇಕು, ಯಾವುದನ್ನು ಮುಂದೆ ಬಿಡಬೇಕು ಎಂದು ಫೋನಿನಲ್ಲಿ ಹೇಳುವುದೇ ಆ ಕೆಲಸ. ಅಲ್ಲಿ ಕುಳಿತ ಮೇಲೆ ಮಾಸ್ತರರ ಪಾಠದ ಒಂದು ಭಾಗವನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗತೊಡಗಿತು. ಹೆಂಟ್ಷ್ ಎಂಬ ಲೆಫ್ಟಿನೆಂಟ್ ಕರ್ನಲ್‌ನ ವಿಷಯ ಅದು. ಸೆಪ್ಟೆಂಬರ್ 8ರಂದು ಮೋಲ್ಟ್ಕೆ ಲಕ್ಸೆಂಬರ್ಗ್‌ನ ತನ್ನ ಠಾಣ್ಯದಿಂದ ಇವನನ್ನು ಮೋಟಾರಿನಲ್ಲಿ, ಕೈಗೆ ಬರಹದ ಆಜ್ಞೆಯನ್ನೇನೂ ಕೊಡದೆ, ಐದು ಸೇನೆಗಳ ಪರಿಸ್ಥಿತಿ ನೋಡಿಬರಲು ಕಳಿಸಿದ. ಅಷ್ಟರಲ್ಲಿ ಕ್ಲುಕ್ ತನ್ನ ಪಕ್ಕೆಯನ್ನು ಉಳಿಸಿಕೊಳ್ಳಲು ಎರಡು ಕೋರ್‌ಗಳನ್ನು ಪಶ್ಚಿಮಕ್ಕೆ ಎಳೆದುಕೊಂಡಿದ್ದರಿಂದ, ಅವನಿಗೂ ಪಕ್ಕದ ಬ್ಯೂಲೋವನ ಸೇನೆಗೂ ನಡುವೆ ಸುಮಾರು ನಲವತ್ತು ಕಿಲೋಮೀಟರ್ ಬಾಯಿ ಬಿಟ್ಟುಕೊಂಡಿತ್ತು, ಬ್ರಿಟಿಷರು ಅದರೊಳಗೆ ಕಾಲಿಡುತ್ತಿದ್ದರು. ಬ್ಯೂಲೋವ್ ಹಿಂದೆ ಸರಿಯುವ ಮನಸ್ಸಿನಲ್ಲಿದ್ದ. 9ರ ಬೆಳಿಗ್ಗೆ ಅಲ್ಲಿಂದ ಹೊರಟ ಹೆಂಟ್ಷ್, ಗಾಯಾಳುಗಳ ಬಂಡಿಗಳೂ ಹೆದರಿದ ಸಾಮಾನು ಸಾಲುಗಳೂ ಕಿಕ್ಕಿರಿದ ರಸ್ತೆಗಳಲ್ಲಿ ತೆವಳುತ್ತ ಕ್ಲುಕ್‌ನ ಠಾಣ್ಯ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತ ಬಂದಿತ್ತು. ಕ್ಲುಕ್‌ನ ಮುಖವನ್ನೂ ನೋಡದೆ, ಅವನ ಸಿಬ್ಬಂದಿ ಮುಖ್ಯಸ್ಥ ಕೂಲ್‌ನೊಂದಿಗೆ ಮಾತಾಡಿ, ಮೋಲ್ಟ್ಕೆಯ ಹೆಸರಿನಲ್ಲಿ ಹಿಂದೆ ಸರಿಯಲು ಹೇಳಿದ. ಗೆಲ್ಲುತ್ತಿದ್ದೇವೆ ಎಂದುಕೊಂಡಿದ್ದ ಸೇನೆ ಎನ್ ನದಿಯತ್ತ ತಿರುಗಿತು. 14ರಂದು ಮೋಲ್ಟ್ಕೆಯ ಅಧಿಕಾರ ಫಾಲ್ಕೆನ್‌ಹೈನನ ಕೈಗೆ ಹೋಯಿತು.

ಮಾಸ್ತರರ ದೃಷ್ಟಿಯಲ್ಲಿ ಹೆಂಟ್ಷ್ ಕೇವಲ ನಿಮಿತ್ತ. ಹೆಂಟ್ಷ್ ಹೇಳದಿದ್ದರೂ ಮೇವಿಲ್ಲದ ಸೇನೆ ಇನ್ನೆರಡು ದಿನಗಳಲ್ಲಿ ತಾನೇ ತಿರುಗುತ್ತಿತ್ತು. ನನಗೆ ಹಾಗೆನಿಸುವುದಿಲ್ಲ. ಹಳಿ, ಎಂಜಿನ್, ವ್ಯಾಗನ್ ಎಲ್ಲವೂ ಸರಿಯಿದ್ದೂ ಒಂದು ತಪ್ಪು ಮಾತಿನಿಂದ ಸೆಕ್ಷನ್ನಿಗೆ ಸೆಕ್ಷನ್ನೇ ಕಟ್ಟಿನಿಲ್ಲುವುದನ್ನು, ಏನೂ ಸರಿಯಿಲ್ಲದ ದಿನ ಒಬ್ಬನ ಗಟ್ಟಿ ಮಾತಿನಿಂದ ಗಾಡಿಗಳು ಹೊರಡುವುದನ್ನು ನಾನು ಕಂಡಿದ್ದೇನೆ. ಹಸಿದ ಸೇನೆಗಳು ಹಸಿವೆಯಲ್ಲೇ ಇನ್ನೂ ಒಂದು ದಿನ ಕಾದಾಡಿ ಗೆದ್ದ ಉದಾಹರಣೆಗಳು ಇತಿಹಾಸದಲ್ಲಿ ಕಡಿಮೆಯೇನಿಲ್ಲ. ಬ್ಯೂಲೋವನಿಗೆ ಸರಿಯಾಗಿ ತಿಳಿಸದೆ ಆ ಎರಡು ಕೋರ್‌ಗಳನ್ನು ಕದಲಿಸಿದವನು ಕ್ಲುಕ್, ಠಾಣ್ಯದಲ್ಲಿ ಕುಳಿತು ಹುಕುಂ ಕೊಡಲಾರದೆ ಹೋದವನು ಮೋಲ್ಟ್ಕೆ. ಈ ತೀರ್ಮಾನಗಳನ್ನು ಕುದುರೆಗಳ ತಲೆಗೆ ಕಟ್ಟುವುದು ಸರಿಯಲ್ಲ.

ಮಾಸ್ತರರು ನಿವೃತ್ತರಾದ ಮೇಲೆ ಸಪ್ತಾಪುರದ ಅವರ ಮನೆಗೆ ಹೋದಾಗ ಈ ವಾದವನ್ನು ಅವರ ಮುಂದಿಟ್ಟೆ. ಪೂರ್ತಿ ಕೇಳಿಸಿಕೊಂಡು, “ಆತು, ಕ್ಲುಕ್‌ದ ತಪ್ಪು ಅನ್ರಿ. ಆ ಎರಡು ಕೋರ್ ಆ ಮುನ್ನಿನ ಒಂದು ವಾರದಾಗ ಎಷ್ಟು ನಡದಿದ್ದುವು, ಅವರ ಕುದುರಿ ಏನು ತಿಂದಿದ್ದುವು, ಅದನ್ನ ಮೊದಲು ಲೆಕ್ಕಾ ಹಾಕಿ ತಗೊಂಡು ಬರ್ರಿ, ಆಮ್ಯಾಗ ಮಾತಾಡೋಣಂತ” ಎಂದು ಒಳಗೆ ಚಹಾಕ್ಕೆ ಹೇಳಿದರು. ಮುಂದಿನ ಸಲ ಲೆಕ್ಕ ಹಾಕಿಕೊಂಡೇ ಹೋದೆ. ಮೇವಿನ ಅಂಕಿಗಳನ್ನು ಒಪ್ಪಿದರು, ಹೆಂಟ್ಷ್‌ನ ವಿಷಯದಲ್ಲಿ ಮಾತ್ರ ಇಬ್ಬರೂ ನಮ್ಮ ನಮ್ಮ ಪಟ್ಟು ಬಿಡಲಿಲ್ಲ.