ಎರಡು ಸಭೆಗಳ ನಡುವಿನ ಹತ್ತು ನಿಮಿಷ

ಹಲವು ತಂಡಗಳ ಕೆಲಸವನ್ನು ಒಂದಕ್ಕೊಂದು ಹೊಂದಿಸಿ, ಎಲ್ಲವೂ ಗಡುವಿನೊಳಗೆ ಮುಗಿಯುವಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಇಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಎನ್ನುವ ಮಾತು ನಿತ್ಯದ್ದು. ಎಲ್ಲ ಮುಗಿದ ಮೇಲೆ ಬಿಡುವು ತಾನಾಗಿ ಸಿಕ್ಕೀತೆಂದು ಕಾಯುವವರಿಗೆ ಅದು ಸಿಗುವುದಿಲ್ಲವೆಂಬುದನ್ನೂ, ಸಭೆಗೆ ಸಮಯ ಗೊತ್ತುಮಾಡುವಂತೆಯೇ ಬಿಡುವಿಗೂ ಮುಂಚಿತವಾಗಿ ಸಮಯ ಕಾದಿರಿಸಬೇಕೆಂಬುದನ್ನೂ ಈ ಕೆಲಸವೇ ನನಗೆ ಕಲಿಸಿದೆ.

ದಿನವನ್ನು ಪೂರ್ತಿ ತುಂಬಿಸಿದರೆ ಹೆಚ್ಚು ಕೆಲಸವಾಗುತ್ತದೆ ಎಂಬ ನಂಬಿಕೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದ ಎ. ಕೆ. ಎರ್ಲಾಂಗ್ ಅವರು 1909ರಲ್ಲಿ ಕರೆಗಳ ದಟ್ಟಣೆಯ ಬಗ್ಗೆ ಬರೆದ ಲೇಖನದಿಂದ ಬೆಳೆದುಬಂದ ಸರದಿ ಸಾಲಿನ ಗಣಿತ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದು, ಒಂದೊಂದಕ್ಕೆ ತಗಲುವ ಸಮಯವೂ ಏರುಪೇರಾಗುತ್ತಿದ್ದರೆ, ಅದರ ಅತಿ ಸರಳ ಮಾದರಿಯ ಪ್ರಕಾರ, ಮಾಡುವವರು ಶೇ. 80ರಷ್ಟು ಹೊತ್ತು ನಿರತರಾಗಿರುವಾಗ ಹೊಸ ಕೆಲಸವೊಂದು ತನ್ನ ಸರದಿಗಾಗಿ ಸರಾಸರಿ 4 ಕೆಲಸಗಳಿಗೆ ಹಿಡಿಯುವಷ್ಟು ಹೊತ್ತು ಕಾಯುತ್ತದೆ; ಶೇ. 90ಕ್ಕೆ ಅದು 9 ಕೆಲಸಗಳಷ್ಟು, ಶೇ. 95ಕ್ಕೆ 19 ಕೆಲಸಗಳಷ್ಟು ಆಗುತ್ತದೆ. ಕಚೇರಿಯ ದಿನ ಇಷ್ಟು ಸರಳವಲ್ಲ, ನಿಜ. ಆದರೆ ಏರಿಕೆಯ ರೀತಿ ಅದೇ. ಹೀಗಾಗಿ ಎಂಟು ಗಂಟೆಯ ದಿನದಲ್ಲಿ ಆರೂವರೆ ಗಂಟೆಗಿಂತ ಹೆಚ್ಚು ಕೆಲಸವನ್ನು ನಾನು ಮೊದಲೇ ನಿಗದಿ ಮಾಡುವುದಿಲ್ಲ. ಉಳಿದ ಒಂದೂವರೆ ಗಂಟೆ ಖಾಲಿ ಹೋಗುತ್ತದೆಯೆಂದು ಭಾವಿಸುವ ಮೇಲಧಿಕಾರಿಗಳಿದ್ದಾರೆ. ತುರ್ತು ಕೆಲಸ ಬಂದು ಎರಗಿದ ದಿನ ಅದಕ್ಕೆ ಜಾಗ ಎಲ್ಲಿ ಸಿಕ್ಕಿತೆಂದು ಅವರು ಕೇಳುವುದಿಲ್ಲ.

ಈ ಸಮಯವನ್ನು ದಿನದ ಕೊನೆಗೆ ಒಟ್ಟಿಗೆ ಇಡುವುದಕ್ಕಿಂತ ಕೆಲಸಗಳ ನಡುನಡುವೆ ಹಂಚುವುದು ಮೇಲು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಬಿಟ್ಟುಹೋಗುವ ಮೊದಲು ಎಲ್ಲಿಗೆ ನಿಂತಿದೆ, ಮರಳಿದಾಗ ಏನು ಮಾಡಬೇಕು ಎಂದು ಚುಟುಕಾಗಿ ಬರೆದಿಟ್ಟರೆ ಈ ತೊಡಕು ಕಡಿಮೆಯಾಗುತ್ತದೆಂದು ಅವರೂ ಸಹಸಂಶೋಧಕಿಯೊಬ್ಬರೂ 2018ರಲ್ಲಿ ಪ್ರಕಟಿಸಿದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂಥ ಸಾಲುಗಳು ತೀರಾ ಸಾಧಾರಣವಾಗಿರುತ್ತವೆ: “ಅಂದಾಜು ಪಟ್ಟಿಯಲ್ಲಿ ಸಾಗಣೆ ವೆಚ್ಚ ಬಿಟ್ಟುಹೋಗಿದೆ, ಮೊದಲು ಅದನ್ನು ಕೇಳುವುದು, ಆಮೇಲೆ ಮೊತ್ತ ಕೂಡುವುದು.” ಇಷ್ಟು ಬರೆದು, ಕುರ್ಚಿಯಿಂದೆದ್ದು, ನೀರು ಕುಡಿದು ಬರುವುದಕ್ಕೆ ಹತ್ತು ನಿಮಿಷ ಧಾರಾಳ. ಆ ಹೊತ್ತಿನಲ್ಲಿ ಮೊಬೈಲಿನ ಸಂದೇಶಗಳನ್ನು ನೋಡುತ್ತ ಕೂತರೆ ಅದೂ ಇನ್ನೊಂದು ಕೆಲಸವಾಗುತ್ತದೆ, ಅಷ್ಟೇ.

ಗೂಗಲ್ ಕ್ಯಾಲೆಂಡರಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಅರ್ಧ ಗಂಟೆಯ ಸಭೆ 25 ನಿಮಿಷಕ್ಕೂ ಒಂದು ಗಂಟೆಯದು 50 ನಿಮಿಷಕ್ಕೂ ಇಳಿಯುತ್ತದೆ. ಸಭೆ ಮಾತ್ರ ಕ್ಯಾಲೆಂಡರಿನ ಮಾತು ಕೇಳುವುದಿಲ್ಲ. ನಾನು ನಡೆಸುವ ಸಭೆಗಳಲ್ಲಿ ಕೊನೆಯ ಐದು ನಿಮಿಷ ಇರುವಾಗ ಚರ್ಚೆಯನ್ನು ನಿಲ್ಲಿಸಿ, ಯಾರು, ಏನನ್ನು, ಯಾವಾಗ ಮಾಡಿಕೊಡುತ್ತಾರೆಂಬುದನ್ನು ಗಟ್ಟಿಯಾಗಿ ಓದುತ್ತೇನೆ. ಹಾಗೆ ಓದಿದ ಮೇಲೆ ಹೊಸ ವಿಷಯ ಎತ್ತುವವರು ಅಪರೂಪ. ಕಾದಿರಿಸಿದ ಸಮಯಕ್ಕೆ ಇಡುವ ಹೆಸರೂ ಮುಖ್ಯವೆನ್ನಬೇಕು. “ಬಿಡುವು” ಎಂದು ಬರೆದ ಜಾಗದಲ್ಲಿ ಸಹೋದ್ಯೋಗಿಗಳು ಸಂಕೋಚವಿಲ್ಲದೆ ಸಭೆ ಇಡುತ್ತಾರೆ, “ಟಿಪ್ಪಣಿ ಮತ್ತು ಪರಿಶೀಲನೆ” ಎಂದಿದ್ದರೆ ಮುಟ್ಟುವುದಿಲ್ಲ.

ಇವೆಲ್ಲ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುವವರಿಗೆ ಸಾಧ್ಯ. ಗ್ರಾಹಕರ ಕರೆಗಳನ್ನು ಒಂದರ ಹಿಂದೊಂದು ಸ್ವೀಕರಿಸುವವರಿಗೆ, ಕೌಂಟರಿನಲ್ಲಿ ಕೂತವರಿಗೆ ಇಂಥ ಸ್ವಾತಂತ್ರ್ಯವಿಲ್ಲ. ಅವರ ಹತ್ತು ನಿಮಿಷವನ್ನು ಪಾಳಿ ಪಟ್ಟಿ ಸಿದ್ಧಪಡಿಸುವವರೇ ಅದರಲ್ಲಿ ಸೇರಿಸಬೇಕು, ಆ ಹೊತ್ತಿಗೆ ಅವರ ಜಾಗದಲ್ಲಿ ಕೂರಬೇಕಾದವರ ಹೆಸರನ್ನೂ ಅಲ್ಲೇ ನಮೂದಿಸಬೇಕು.