ಗುತ್ತಿ ನಡೆದ ದಾರೀಲಿ ನಮ್ ಕಾರು

ದಸರಾ ರಜೆಗೆ ಎಲ್ಲಾದ್ರೂ ಹೋಗಿ ಬರೋಣ ಅಂತ ಮನೇಲಿ ಮಾತು ಶುರುವಾದಾಗ ನಾನು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಓದ್ತಾ ಅರ್ಧ ದಾಟಿದ್ದೆ, ಹಾಗಾಗಿ ಬೇರೆ ಊರಿನ ಹೆಸರು ನನ್ ಬಾಯಲ್ಲಿ ಬರೋ ಮಾತೇ ಇರ್ಲಿಲ್ಲ. ಮಕ್ಕಳಿಗೆ ಬೀಚ್ ಬೇಕಿತ್ತು. ನಮ್ಮನೆಯವ್ರಿಗೆ ಎಲ್ಲಾದ್ರೂ ಸರಿ, ಫೋನ್‌ಗೆ ಸಿಗ್ನಲ್ ಸಿಗದ ಜಾಗ ಆದ್ರೆ ಸಾಕು. ಅತ್ತೆಗೆ ಒಂದು ದೇವಸ್ಥಾನ ಇರಬೇಕು. ತೀರ್ಥಹಳ್ಳಿ ಅಂದೆ. ಮಕ್ಕಳಿಗೆ ತುಂಗಾ ಹೊಳೆ ಅಂದೆ, ಅತ್ತೆಗೆ ರಾಮೇಶ್ವರ ಅಂದೆ, ಇವ್ರಿಗೆ ಕುಪ್ಪಳಿ ಕಡೆ ಕಾಡಲ್ಲಿ ಸಿಗ್ನಲ್ ಹೋಗುತ್ತಂತೆ ಅಂತ ಆಸೆ ತೋರ್ಸಿದೆ. ಒಪ್ಪಿದ್ರು.

ಈ ಪುಸ್ತಕ ನಮ್ಮನೆ ಕಪಾಟಲ್ಲಿ ಎಷ್ಟೋ ವರ್ಷದಿಂದ ಇತ್ತು. ದಪ್ಪ ನೋಡಿ ಎಲ್ರೂ ಹೆದರ್ತಾರೆ, ನಾನೂ ಅಷ್ಟೇ. ಕಾನೂರು ಹೆಗ್ಗಡಿತಿ ಕಾಲೇಜಲ್ಲೇ ಓದಿದ್ದೆ, ಅದು 1936ರದ್ದು, ಇದು ಬಂದಿದ್ದು 1967ರಲ್ಲಿ, ಮಧ್ಯೆ ಮೂವತ್ತು ವರ್ಷ, ಆ ಮೂವತ್ತು ವರ್ಷದಲ್ಲೇ ರಾಮಾಯಣ ದರ್ಶನಂ ಬೇರೆ ಬರೆದು ಮುಗ್ಸಿದಾರೆ. ಕಾನೂರು ಹೆಗ್ಗಡಿತಿಲಿ ಹೂವಯ್ಯ ಅಂತ ಒಬ್ಬ ಓದಿದ ಹೀರೋ ಇದಾನೆ, ಅವನ ಬೆನ್ನು ಹಿಡಿದು ಹೋದ್ರೆ ದಾರಿ ತಪ್ಪಲ್ಲ. ಮದುಮಗಳಲ್ಲಿ ಆ ಸುಖ ಇಲ್ಲ. ಸಿಂಬಾವಿ ಹೆಗ್ಗಡೆಯವರ ಆಳು ನಾಯಿಗುತ್ತಿ ತನ್ನ ಹುಲಿಯ ಅನ್ನೋ ನಾಯಿ ಜೊತೆ ನಡ್ಕೊಂಡು ಹೊರಟಿರ್ತಾನೆ, ನಾವು ಅವನ ಹಿಂದೆ ಹೋಗ್ತೀವಿ, ದಾರೀಲಿ ಯಾರೋ ಸಿಗ್ತಾರೆ, ಅವ್ರ ಮನೆ ಕಥೆ ಶುರುವಾಗುತ್ತೆ, ಅಲ್ಲಿಂದ ಇನ್ನೊಂದು ಮನೆ, ಗುತ್ತಿ ಎಲ್ಲಿ ಹೋದ ಅಂತ ನಮಗೇ ಮರ್ತೋಗಿರುತ್ತೆ, ಆಮೇಲೆ ಯಾವ್ದೋ ಗುಡ್ಡದ ತಿರುವಲ್ಲಿ ನಾಯಿ ಬೊಗಳಿದಾಗ ಮತ್ತೆ ಸಿಗ್ತಾನೆ.

ಮೊದ್ಲು ನಂಗೆ ಸಿಟ್ಟೇ ಬರ್ತಿತ್ತು. ರಾತ್ರಿ ಮಲಗೋ ಮುಂಚೆ ಹತ್ತು ಪುಟ ಅಂತ ಇಟ್ಕೊಂಡಿದ್ದೆ, ಹತ್ತು ಪುಟದಲ್ಲಿ ಅವನು ಒಂದು ಗುಡ್ಡನೂ ಹತ್ತಿ ಮುಗ್ಸಿರ್ತಿರ್ಲಿಲ್ಲ. ಆಮೇಲೆ ಒಂದಿನ ಭಾನುವಾರ ಮಧ್ಯಾಹ್ನ ಎಲ್ಲಾ ಬಿಟ್ಟು ಒಂದೇ ಸಮ ಕೂತು ಓದಿದಾಗ ಅರ್ಥ ಆಯ್ತು, ಈ ಕಾದಂಬರಿ ಓಡೋದು ಕಾಲ್ನಡಿಗೆ ಸ್ಪೀಡಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು ಅದು, ರಸ್ತೆ ಅಂದ್ರೆ ಕಾಲುದಾರಿ. ಪಾದ್ರಿಯ ಸೈಕಲ್ ಊರಿಗೆ ಬಂದಿದ್ದೇ ದೊಡ್ಡ ಸುದ್ದಿ, ಅದನ್ನ ಕಲಿಯೋ ಪ್ರಸಂಗ ಓದಿ ನಾನೊಬ್ಳೇ ಜೋರಾಗಿ ನಕ್ಕು ಮಕ್ಕಳು ಬಂದು ನೋಡಿದ್ರು. ಅಲ್ಲಿ ಒಂದ್ ಹಳ್ಳಿಯಿಂದ ಇನ್ನೊಂದಕ್ಕೆ ಹೋಗ್ಬೇಕಂದ್ರೆ ಕಾಲಿಗೆ ಹತ್ತೋ ಇಂಬಳ (ಕಾಡಿನ ಜಿಗಣೆ) ಕಿತ್ಕೊಂಡು, ಎಲಡಿಕೆ ಹಾಕ್ಕೊಂಡು, ಸಿಕ್ಕವರ ಹತ್ರ ಮಾತಾಡ್ಕೊಂಡೇ ಹೋಗ್ಬೇಕು. ಅವಸರ ಇರೋರು ಓದೋ ಪುಸ್ತಕ ಇದಲ್ಲ ಅಂತ ಧೈರ್ಯವಾಗೇ ಹೇಳ್ತೀನಿ.

ಇವ್ರು ಮಾತ್ರ "ನಂಗೆ ಕಥೆ ಗೊತ್ತು ಬಿಡೇ" ಅಂತಾರೆ. ಪುಸ್ತಕ ಓದಿಲ್ಲ. 2010ರಲ್ಲಿ ಮೈಸೂರು ರಂಗಾಯಣದಲ್ಲಿ ಬಸವಲಿಂಗಯ್ಯ ಅವರು ಇದನ್ನ ಅಹೋರಾತ್ರಿ ನಾಟಕ ಮಾಡಿಸಿದ್ರಲ್ಲ, ಸುಮಾರು ಒಂಬತ್ತು ಗಂಟೆ, ಬಯಲಲ್ಲಿ, ಪ್ರೇಕ್ಷಕರೂ ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ಹೋಗೋದು, ಅದನ್ನ ಫ್ರೆಂಡ್ಸ್ ಜೊತೆ ನೋಡಿದಾರೆ. ಬೆಳಗಿನ ಜಾವ ಎಷ್ಟೊತ್ತು ನಿದ್ದೆ ಮಾಡಿದ್ರೋ ಅದನ್ನ ಹೇಳಲ್ಲ.

ಶಿವಮೊಗ್ಗ ದಾಟಿ ತೀರ್ಥಹಳ್ಳಿ ರಸ್ತೆ ಹಿಡಿದ ಮೇಲೆ ತುಂಗೆ ಪಕ್ಕದಲ್ಲೇ ಬರ್ತಾಳೆ. ಮಂಡಗದ್ದೆಲಿ ನಿಲ್ಸಿದ್ವಿ. ಹೊಳೆ ಮಧ್ಯದ ನಡುಗಡ್ಡೆ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಳೆಗಾಲದಲ್ಲಿ ಬಂದು ಗೂಡು ಕಟ್ಟೋ ಜಾಗ ಅದು, ನಾವು ಹೋದಾಗ ಜನಜಂಗುಳಿ ಕಮ್ಮಿಯಾಗಿತ್ತು ಹಕ್ಕಿಗಳದ್ದು, ಆದ್ರೂ ಗದ್ದಲ ಇತ್ತು. ದೊಡ್ಡವನು ವೀಕ್ಷಣಾ ಗೋಪುರದಿಂದ ಇಳಿಯೋಕೇ ಒಪ್ಲಿಲ್ಲ. ಬೀಚ್ ವಿಷ್ಯ ಅಲ್ಲಿಗೆ ಮುಗೀತು.

ತೀರ್ಥಹಳ್ಳೀಲಿ ಅತ್ತೆ ರಾಮೇಶ್ವರನ ದರ್ಶನ ಮುಗ್ಸೋವರೆಗೂ ನಾವು ಹೊಳೆ ಮೆಟ್ಟಿಲ ಮೇಲೆ ಕೂತಿದ್ವಿ. ನೀರೊಳಗೆ ಬಂಡೆ ಮೇಲೆ ಪುಟ್ಟ ರಾಮಮಂಟಪ ಇದೆ, ಜೋರು ಮಳೆಗಾಲದಲ್ಲಿ ಅದು ಮುಳುಗಿದ್ರೆ ಪೇಪರಲ್ಲಿ ಫೋಟೋ ಬರುತ್ತೆ, ಊರವ್ರಿಗೆ ತುಂಗೆ ಎಷ್ಟು ಏರಿದಾಳೆ ಅಂತ ತಿಳಿಯೋದು ಅದನ್ನ ನೋಡೇ. ಅಲ್ಲಿ ಮಗನಿಗೆ ಹುಲಿಯನ ಕಥೆ ಹೇಳ್ತಿದ್ದೆ. ಅವನಿಗೆ ಕಾದಂಬರಿಯ ಪ್ರೇಮಿಗಳಾದ ಮುಕುಂದಯ್ಯ ಬೇಡ, ಚಿನ್ನಮ್ಮ ಬೇಡ, ಜಮೀನು ಸಾಲ ಮದುವೆ ಯಾವ್ದೂ ಬೇಡ, ನಾಯಿ ಒಂದೇ. "ಕೊನೇಲಿ ಹುಲಿಯ ಏನಾಗುತ್ತಮ್ಮಾ?" ಅಂದ. ಕೊನೇ ಅಧ್ಯಾಯ ಅದೊಂದನ್ನ ಮೊದ್ಲೇ ಓದ್ಕೊಂಡಿದ್ದೆ ನಾನು, ಕೆಟ್ಟ ಅಭ್ಯಾಸ ಅಂತ ಬೈಬೇಡಿ, ದಪ್ಪ ಪುಸ್ತಕ ಆದ್ರೆ ನಾನು ಹಾಗೇ ಮಾಡೋದು. ಓದಿದೋರಿಗೆ ಗೊತ್ತು, ಓದದೇ ಇರೋರಿಗೆ ನಾನ್ಯಾಕೆ ಹೇಳ್ಲಿ. ಅವನಿಗೆ "ನೀನೇ ದೊಡ್ಡವನಾಗಿ ಓದು" ಅಂದ್ಬಿಟ್ಟೆ, ಆದ್ರೆ ಮುಂದಿನ ದಿನ ಪೂರ್ತಿ ಕಾರಲ್ಲಿ ಅದೇ ಪ್ರಶ್ನೆ.

ಮಾರನೇ ದಿನ ಕುಪ್ಪಳಿ. ಕವಿಮನೆ ಒಳಗೆ ಕಾಲಿಟ್ರೆ ದೊಡ್ಡ ತೊಟ್ಟಿ, ಸುತ್ತ ಮರದ ಕಂಬ, ಮೇಲೆ ಉಪ್ಪರಿಗೆ. ನಾವಿರೋ ಅಪಾರ್ಟ್‌ಮೆಂಟಿನ ನಾಲ್ಕು ಮನೆ ಆ ತೊಟ್ಟಿ ಸುತ್ತ ಹಿಡಿಯುತ್ತೆ. ಮರದ ಪೆಟ್ಟಿಗೆ, ಅಳತೆ ಸೇರು, ಅಡುಗೆಮನೆ ಪಾತ್ರೆ, ಇವೆಲ್ಲ ಜೋಡಿಸಿಟ್ಟಿದಾರೆ, ಅತ್ತೆ ಪ್ರತಿಯೊಂದರ ಮುಂದೂ ನಿಂತು "ಇದು ನಮ್ಮಜ್ಜಿ ಮನೇಲೂ ಇತ್ತು" ಅಂತ ಹೇಳ್ತಾ ಹೋದ್ರು, ಹಿಂದೆ ಬರ್ತಿದ್ದ ಇನ್ಯಾವ್ದೋ ಫ್ಯಾಮಿಲಿಯವ್ರು ಇವ್ರನ್ನೇ ಗೈಡ್ ಅನ್ಕೊಂಡು ಪ್ರಶ್ನೆ ಕೇಳೋಕೆ ಶುರು ಮಾಡಿದ್ರು, ಅತ್ತೆ ಒಂದಕ್ಕೂ ಇಲ್ಲ ಅನ್ನದೆ ಉತ್ತರ ಕೊಟ್ರು. ಕುವೆಂಪು ಹುಟ್ಟಿದ್ದು ಇಲ್ಲಲ್ಲ, ತಾಯಿ ಊರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೇಲಿ, 1904ರ ಡಿಸೆಂಬರ್ 29ಕ್ಕೆ. ಬೆಳೆದಿದ್ದು ಈ ಮನೇಲಿ.

ಮನೆ ಹಿಂದಿನ ಗುಡ್ಡ ಹತ್ತಿದ್ರೆ ಕವಿಶೈಲ. ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ದೊಡ್ಡ ದೊಡ್ಡ ಕಲ್ಲಿನ ಕಂಬ, ಅಡ್ಡಗಲ್ಲು, ಮಧ್ಯೆ ಕುವೆಂಪು ಸಮಾಧಿ. ಎಲ್ರೂ ಅಲ್ಲೇ ಫೋಟೋ ತೆಗೀತಾರೆ. ನಂಗೆ ಹೆಚ್ಚು ಇಷ್ಟ ಆಗಿದ್ದು ಅಲ್ಲಿನ ಬಂಡೆ. ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಬಂದು ಕೂತಿದ್ದಾಗ ಕೆತ್ತಿದ ಹೆಸರಿನ ಅಕ್ಷರ ಇನ್ನೂ ಇದೆ. ಅಂಥಾ ಮೇಷ್ಟ್ರುಗಳು, ಅವ್ರಿಗೂ ಬಂಡೆ ಕಂಡ್ರೆ ಹೆಸರು ಕೆತ್ತೋ ಆಸೆ ಬಂದಿದೆ ನೋಡಿ! ಬೆರಳಿಟ್ಟು ಸವರಿದೆ, ಅಂಚೆಲ್ಲ ನುಣ್ಣಗಾಗಿದೆ, ಗೆರೆಯೊಳಗೆ ಹಸಿರು ಪಾಚಿ. ಚಿಕ್ಕವಳು ತಕ್ಷಣ ಒಂದು ಚೂಪು ಕಲ್ಲು ಎತ್ಕೊಂಡ್ಲು, ಕೈಯಿಂದ ಕಿತ್ತು ಬಿಸಾಕಿದೆ, "ಅವ್ರು ಮಾತ್ರ ಬರೀಬೋದಾ?" ಅಂತ ಕೇಳಿದ್ಲು. ಇವ್ರು ನನ್ ಮುಖ ನೋಡಿ ನಕ್ಕರೇ ಹೊರತು ಸಹಾಯಕ್ಕೆ ಬರ್ಲಿಲ್ಲ. ತೇಜಸ್ವಿಯವರ ಸ್ಮಾರಕವೂ ಹತ್ತಿರದಲ್ಲೇ ಇದೆ, ಮಗನಿಗೆ ಅವರ 'ಪರಿಸರದ ಕಥೆ' ಪುಸ್ತಕದ 'ಕಿವಿ' ಅನ್ನೋ ನಾಯಿ ಗೊತ್ತು, ಹಾಗಾಗಿ ಅಪ್ಪ ಹುಲಿಯನ್ನ ಬರೆದ್ರು ಮಗ ಕಿವಿಯನ್ನ ಬರೆದ್ರು ಅಂತ ಅವನ ಲೆಕ್ಕದಲ್ಲಿ ಕನ್ನಡ ಸಾಹಿತ್ಯ ಪೂರ್ತಿ ಆಯ್ತು.

ಆಗುಂಬೆಗೆ ಹೊರಟ ದಿನ ಒಂದು ವಿಚಿತ್ರ ಆಯ್ತು. ತೀರ್ಥಹಳ್ಳಿ ಬಿಟ್ಟು ಅರ್ಧ ಗಂಟೆನೂ ಆಗಿರ್ಲಿಲ್ಲ, ಹಸಿರು ಬೋರ್ಡಲ್ಲಿ ಮೇಗರವಳ್ಳಿ ಅಂತ ಕಾಣಿಸ್ತು. ನಾನು "ನಿಲ್ಸ್ರೀ ನಿಲ್ಸ್ರೀ" ಅಂತ ಕೂಗಿದೆ, ಇವ್ರು ಏನೋ ಆಯ್ತು ಅಂತ ಬ್ರೇಕ್ ಹಾಕಿದ್ರು. ಮೇಗರವಳ್ಳಿ ಅಂದ್ರೆ ಕಾದಂಬರೀಲಿ ಅಂತಕ್ಕನ ಮನೆ ಇರೋ ಊರು, ಮಗಳು ಕಾವೇರಿ ಮದುವೆ ಮಾತುಕತೆ ನಡೆಯೋ ಊರು, ನಾನು ಅಲ್ಲಿಗೆ ಹೋಗಿ ಬಂದು ಮಾಡೋದ್ರಲ್ಲೇ ವಾರಗಟ್ಟಲೆ ಕಳೆದಿದ್ದೆ, ಕಾಡು ಹಳ್ಳ ಗುಡ್ಡ ಎಲ್ಲಾ ದಾಟಿ ಅದೆಷ್ಟೋ ದೂರ ಅನ್ಸಿತ್ತು. ಇಲ್ಲಿ ನೋಡಿದ್ರೆ ಒಂದು ಬಸ್ ಸ್ಟಾಪು, ಅಂಗಡಿ, ಫುಲ್ ಚಾರ್ಜ್ ಆಗದ ಮೊಬೈಲ್ ಹಿಡ್ಕೊಂಡು ಕೂತ ಹುಡುಗ್ರು. ಕಾರಲ್ಲಿ ಬಂದ್ರೆ ಮಲೆನಾಡು ಇಷ್ಟೇ ಇಷ್ಟು. ಸ್ವಲ್ಪ ಮೋಸ ಹೋದಂಗಾಯ್ತು ನಿಜ ಹೇಳ್ಬೇಕಂದ್ರೆ. ಕಾರಿಂದ ಇಳಿದು ರಸ್ತೆ ಪಕ್ಕ ಒಂದಷ್ಟು ದೂರ ನಡೆದೆ, ಮಗನೂ ಬಂದ. ಎರಡು ನಿಮಿಷದಲ್ಲಿ ಅವನ ಕಾಲಿಗೆ ಇಂಬಳ ಹತ್ತಿ, ಅವನ ಕಿರುಚಾಟ ಕೇಳಿ ಅಂಗಡಿಯವ್ರು ಸುಣ್ಣ ತಂದು ಕೊಟ್ಟು, "ಎಂತ ಆಗಲ್ಲ ಮಾರಾಯ, ಸ್ವಲ್ಪ ರಕ್ತ ಕುಡ್ದು ಅದೇ ಬೀಳ್ತದೆ" ಅಂದ್ರು. ಆಗುಂಬೆ ಸೂರ್ಯಾಸ್ತ ಮೋಡದಲ್ಲೇ ಆಗೋಯ್ತು, ನೋಡೋಕೇನೂ ಸಿಗ್ಲಿಲ್ಲ.

ನಾವು ಉಳ್ಕೊಂಡಿದ್ದ ಹೋಂಸ್ಟೇ ಅಮ್ಮ ಹೋದ ತಕ್ಷಣ "ಆಸರಿಗೆ ಎಂತ ಕೊಡ್ಲಿ?" ಅಂತ ಕೇಳಿ ಬೆಲ್ಲ ನೀರು ತಂದಿಟ್ಟಿದ್ರು. ರಾತ್ರಿ ಕಡುಬು ತಿಂದು ಜಗಲೀಲಿ ಕೂತು ಓದೋಣ ಅಂದ್ರೆ ಪುಸ್ತಕ ಕಾಣಿಸ್ತಿಲ್ಲ. ಅತ್ತೆ ರೂಮಲ್ಲಿ ಲೈಟ್ ಉರೀತಿತ್ತು. "ನಿದ್ದೆ ಬರ್ಲಿಲ್ಲ, ಸುಮ್ನೆ ನೋಡ್ದೆ" ಅಂದ್ರು, ಆಗ್ಲೇ ಎಂಬತ್ತೋ ತೊಂಬತ್ತೋ ಪುಟ ಆಗಿತ್ತು. ವಾಪಸ್ ಬರೋವಾಗ್ಲೂ ಕಾರಲ್ಲಿ ಅವ್ರ ಕೈಯಲ್ಲೇ, ಊರಿಗೆ ಬಂದ ಮೇಲೂ ಅವ್ರ ದಿಂಬಿನ ಪಕ್ಕದಲ್ಲೇ. ಈಗ ನನ್ನನ್ನ ದಾಟಿ ಮುಂದೆ ಹೋಗಿದಾರೆ. ಸೊಪ್ಪು ಬಿಡಿಸ್ತಾ ಕೂತಾಗ "ಆ ಚಿನ್ನಮ್ಮ ಇದಾಳಲ್ಲ, ಮದುವೆ ಹಿಂದಿನ ರಾತ್ರಿ ಏನ್ ಮಾಡ್ತಾಳೆ ಗೊತ್ತಾ" ಅಂತ ಶುರು ಮಾಡ್ತಾರೆ, ನಾನು ಕಿವಿ ಮುಚ್ಕೊಂಡು ಅಡುಗೆಮನೆಗೆ ಓಡ್ತೀನಿ. ಇನ್ನೊಂದು ಕಾಪಿ ಆರ್ಡರ್ ಮಾಡಿದೀನಿ, ಗುರುವಾರ ಬರುತ್ತಂತೆ.