ರೇಸೇ ಇಲ್ಲದಾಗ ನೀವ್ ಯಾಕ ಓಡಿದ್ರಿ?

ಹುಬ್ಬಳ್ಳಿ ಉಣಕಲ್ ಕೆರಿ ದಂಡಿಗೆ ಹೊಸದಾಗಿ ಓಡ್ಲಿಕ್ಕೆ ಬರೋರು ಹೆಚ್ಚುಕಮ್ಮಿ ಎಲ್ಲಾರೂ ಕೇಳ್ತಾರ: "ಸರ, ಕೊರೋನಾ ಟೈಮ್‌ನ್ಯಾಗ ರೇಸ್ ಎಲ್ಲಾ ಕ್ಯಾನ್ಸಲ್ ಆಗಿದ್ವಲ್ರಿ, ಆದ್ರೂ ನೀವ್ ಓಡೋದು ಹೆಂಗ್ ಬಿಡ್ಲಿಲ್ಲ?"

ಬಿಟ್ಟಿದ್ದೆ ನೋಡ್ರಿ. 2020ರ ಮಾರ್ಚ್ 25ಕ್ಕ ಲಾಕ್‌ಡೌನ್ ಶುರು ಆತಲ್ಲ, 21 ದಿನ ಅಂದ್ರು, ರೆಸ್ಟ್ ಸಿಕ್ತು ಬಿಡು ಅಂತ ಖುಷೀಲೆ ಮಲಕೊಂಡೆ, ಎಂಟಕ್ಕ ಏಳೋದು, ಹಲ್ಲು ತಿಕ್ಕೋದ್ರಾಗ ಲ್ಯಾಪ್‌ಟಾಪ್ ತಗಿಯೋದು. ನಾಕು ವರ್ಷದಿಂದ ನಸುಕಿನ್ಯಾಗ ಐದಕ್ಕ ಏಳ್ತಿದ್ದಾವ ನಾನು, ಭಾಳ ಶಿಸ್ತಿನ ಮನಷ್ಯಾ ಅಂತ ನನಗ ನಾನ ತಿಳಕೊಂಡಿದ್ದೆ. ಎಂಟಕ್ಕ ಧಾರವಾಡದ ಬಸ್ ಹಿಡಿಯೋದಿತ್ತು, ಅದಕ್ಕ ಏಳ್ತಿದ್ದೆ ಅಷ್ಟ. ಬಸ್ ನಿಂತು, ಓಟಾನೂ ನಿಂತು.

ರೇಸಿನ ಸುದ್ದಿನೂ ಹಂಗ. 1897ರಿಂದ ನಡಕೋತ ಬಂದಿದ್ದ ಬಾಸ್ಟನ್ ಮ್ಯಾರಥಾನ್ನೇ ಆ ವರ್ಷ ಮೊದಲ ಸಲ ಕ್ಯಾನ್ಸಲ್ ಆತು, ನಮ್ಮ ಹತ್ತು ಕಿಲೋಮೀಟರ್ ಯಾವ ಲೆಕ್ಕ. ವರ್ಚುವಲ್ ರೇಸ್ ಅಂತ ಬಂದ್ವು, ರೊಕ್ಕಾ ಕಟ್ಟಿ ನಿಮಗ ಬೇಕಾದಲ್ಲಿ ಓಡ್ರಿ, ಆ್ಯಪಿನ ಫೋಟೋ ಕಳಸ್ರಿ, ಮೆಡಲ್ ಕೊರಿಯರ್‌ನ್ಯಾಗ ಬರ್ತೈತಿ. ನನಗೂ ಒಂದು ಬಂತು. ಅವ್ವ ಅದನ್ನ ತಿರಗಿಸಿ ಮುರಗಿಸಿ ನೋಡಿ, "ಯಾರನ್ನ ಸೋಲ್ಸಿದ್ಯೋ?" ಅಂದ್ಲು.

ಮತ್ತ ಓಡ್ಲಿಕ್ಕೆ ಹಚ್ಚಿದಾಕಿನೂ ಅವ್ವನ, ಆದ್ರ ಬೇಕಂತ ಅಲ್ಲ. ಏಪ್ರಿಲ್ ನಡುವ ಹೊಟ್ಟಿ ಬಂದೈತಿ ಅಂತ ಮಾಳಿಗಿ ಮ್ಯಾಲ ಸುತ್ತು ಹಾಕ್ಲಿಕ್ಕೆ ಶುರು ಮಾಡಿದೆ, ಒಂದ್ ಸುತ್ತಿಗೆ 30 ಮೀಟರ್, ನೂರು ಸುತ್ತಿಗೆ ಮೂರು ಕಿಲೋಮೀಟರ್, ಒಂದ ಕಡೆ ತಿರಗಿದ್ರ ಮೊಣಕಾಲು ನೋಯ್ತಾವಂತ ಹತ್ತು ಸುತ್ತಿಗೊಮ್ಮೆ ಉಲ್ಟಾ. ವಾಚಿನ ಜಿಪಿಎಸ್ ಅಂತೂ ನಾನು ಬಾಜೂ ಮನಿ ಅಡಗಿಮನ್ಯಾಗ ಹಾಯ್ದು ಹೋದಂಗ ತೋರಸ್ತಿತ್ತು. ಆದ್ರ ಅದು ಹಪ್ಪಳ ಸಂಡಗಿ ಸೀಸನ್, ಏಳಕ್ಕ ಅವ್ವ ಹಳೇ ಸೀರಿ ಹಾಸಿ ಸಂಡಗಿ ಇಡಾಕಿ, ಒಂದ್ ಮೂಲಿಗೆ ಬ್ಯಾಡಗಿ ಮೆಣಸಿನಕಾಯಿ. ಒಂದಿನ ತಡಾ ಆಗಿ ಹೋಗಿ ಆ ಮೂಲಿ ದಾಟೋದ್ರಾಗ ಘಾಟು ಮೂಗಿಗೆ ಹೊಡದು ಆರೇಳು ಸಲ ಸೀನಿದೆ, ಅದೂ ಆ ಟೈಮ್‌ನ್ಯಾಗ! ಬಾಜೂ ಮನ್ಯಾಗಿನ ಕಿಡಕಿ ಒಂದಾದ ಮ್ಯಾಲೊಂದು ಧಡ್ ಧಡ್ ಮುಚ್ಚಿದ್ವು. ಮರದಿನದಿಂದ ಐದೂವರಿಗೆ ಮಾಳಿಗಿ ಮ್ಯಾಲ ಹಾಜರು. ಹೋದ ಬಸ್ಸಿನ ಜಾಗಾದಾಗ ಸಂಡಗಿ ಬಂದು ಕುಂತ್ವು.

ಮೇ ತಿಂಗಳದಾಗ ಪಾರ್ಕ್ ತೆರದ್ರು, ಮುಂಜಾನೆ 7ರಿಂದ 9. ಮೊದಲ ದಿನಾನ ಹಳೇ ಸ್ಪೀಡಿನ್ಯಾಗ ಐದು ಕಿಲೋಮೀಟರ್ ಓಡಿ ಮೀನಖಂಡ ಹಿಡಕೊಂಡು ಹದಿನೈದು ದಿನ ಕುಂಟಿದೆ, ಅದು ಬ್ಯಾರೆ ಕಥಿ.

ನಮ್ಮ ಗುಂಪಿನ್ಯಾಗ ಹನ್ನೆರಡು ಮಂದಿ ಇದ್ವಿ, ಐದು ಮಂದಿ ವಾಪಸ್ ಬರ್ಲೇ ಇಲ್ಲ. ಅದರಾಗ ಒಬ್ಬಾವ ನಮ್ಮೆಲ್ಲಾರಕಿಂತ ಜೋರು ಓಡ್ತಿದ್ದ, ಮನಿ ಗ್ವಾಡಿ ತುಂಬ ಮೆಡಲ್. ಈಗ್ಲೂ ಚಾದಂಗಡ್ಯಾಗ ಸಿಕ್ಕಾಗೊಮ್ಮೆ "ಮುಂದಿನ ರೇಸ್ ಯಾವಾಗೈತಿ?" ಅಂತಾನ. ಹೇಳ್ತೀನಿ. ಹೆಸರು ಹಚ್ತಾನ, ರೊಕ್ಕಾನೂ ಕಟ್ತಾನ, ಬರೂದಿಲ್ಲ.